ಸದ್ದಿಗೆ ರೋಡ್ ರೋಲರ್, ಸದ್ದಿಲ್ಲದ ಮ್ಯಾನಿಫೋಲ್ಡ್‌ಗೆ ಯಾವ ಅಳತೆಗೋಲು?

ಬೆಂಗಳೂರು: ಕರ್ಕಶ ಸದ್ದು ಮಾಡುವ ಸೈಲೆನ್ಸರ್‌ಗಳನ್ನು ಕಿತ್ತು, ರಸ್ತೆಯ ಮೇಲೆ ಸಾಲಾಗಿ ಜೋಡಿಸಿ, ಅವುಗಳ ಮೇಲೆ ರೋಡ್ ರೋಲರ್ ಹರಿಸುವ ದೃಶ್ಯ ರಾಜ್ಯದ ಜನತೆಗೆ ಹೊಸದಲ್ಲ. ಹಲವು ನಗರಗಳ ಪೊಲೀಸರು ಇಂತಹ ಕಾರ್ಯಾಚರಣೆ ನಡೆಸಿದ್ದಾರೆ. ನಿದ್ದೆಗೆಟ್ಟ ನಾಗರಿಕರು ಅದನ್ನು ಸ್ವಾಗತಿಸಿದ್ದೂ ಉಂಟು. ಕಿವಿಗೆ ಕೇಳುವ ಮಾರ್ಪಾಡನ್ನು ಹಿಡಿಯುವುದು ಸುಲಭ. ಆದರೆ ಎಂಜಿನ್ನಿನ ಇನ್ನೊಂದು ಬದಿಯಲ್ಲಿ, ಅಂದರೆ ಹೊಗೆ ಹೊರಬೀಳುವಲ್ಲಿ ಅಲ್ಲ, ಗಾಳಿ ಒಳಸೇರುವಲ್ಲಿ ನಡೆಯುವ ಮಾರ್ಪಾಡು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಬಾನೆಟ್ ಎತ್ತಿ ನೋಡಿದರೂ ಬಲ್ಲವರಿಗಲ್ಲದೆ ಅದು ಗೋಚರಿಸದು. ಅದರ ಹೆಸರು ಇನ್‌ಟೇಕ್ ಮ್ಯಾನಿಫೋಲ್ಡ್.

ಕಾರಿನ ಎಂಜಿನ್ನನ್ನು ಚುರುಕುಗೊಳಿಸಬೇಕೆಂಬ ಆಸೆಯುಳ್ಳವರು ಕಾರ್ಖಾನೆಯಿಂದ ಬಂದ ಮ್ಯಾನಿಫೋಲ್ಡನ್ನು ಬಿಚ್ಚಿ, ಹೊರಗಿನ ತಯಾರಕರ ಆಫ್ಟರ್‌ಮಾರ್ಕೆಟ್ ಮ್ಯಾನಿಫೋಲ್ಡ್ ಹಾಕಿಸುವ ಪರಿಪಾಠ ದಶಕಗಳಷ್ಟು ಹಳೆಯದು. ಅಮೆರಿಕದ ವಿಕ್ ಎಡೆಲ್‌ಬ್ರಾಕ್ ಎಂಬ ಗ್ಯಾರೇಜ್ ಮಾಲೀಕ 1938ರಲ್ಲಿ ತನ್ನ ಫೋರ್ಡ್ ವಿ-8 ಕಾರಿಗೆಂದು ರೂಪಿಸಿಕೊಂಡ ಮ್ಯಾನಿಫೋಲ್ಡೇ ಮುಂದೆ ಅದೇ ಹೆಸರಿನ ಪ್ರಖ್ಯಾತ ಬಿಡಿಭಾಗ ಕಂಪನಿಗೆ ಬುನಾದಿಯಾಯಿತು. ಕರ್ನಾಟಕದಲ್ಲಿಯೂ ಎಸ್ಟೀಮ್, 2000ದಲ್ಲಿ ಬಂದ ಹೋಂಡಾ ಸಿಟಿ ವಿಟೆಕ್, 2005ರ ಸ್ವಿಫ್ಟ್ ಮುಂತಾದ ಕಾರುಗಳ ಸುತ್ತ ಇಂತಹ ಆಸಕ್ತಿ ಬೆಳೆದು ಬಂದಿದೆ.

ಮ್ಯಾನಿಫೋಲ್ಡ್ ಆರಿಸುವವನ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಯಾವುದು ತನ್ನ ಎಂಜಿನ್ನಿಗೆ ಒಳಿತು ಎಂಬುದು ಮೊದಲನೆಯದು. ಯಾವುದನ್ನು ಹಾಕಿಕೊಂಡು ಸಾರ್ವಜನಿಕ ರಸ್ತೆಗೆ ಇಳಿಯಬಹುದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಭೌತಶಾಸ್ತ್ರ ಸಾಕಷ್ಟು ಸ್ಪಷ್ಟವಾದ ಉತ್ತರವನ್ನೇ ನೀಡುತ್ತದೆ. ಎರಡನೆಯದಕ್ಕೆ ಉತ್ತರಿಸಬೇಕಾದ ನಮ್ಮ ವ್ಯವಸ್ಥೆ, ಉತ್ತರಿಸಲು ಕಾನೂನಿನಲ್ಲೇ ಅವಕಾಶವಿದ್ದರೂ, ಮೌನ ವಹಿಸಿದೆ. ಇದರ ಫಲವಾಗಿ ಪ್ರಯೋಗಾಲಯದಲ್ಲಿ ಪರೀಕ್ಷೆಗೊಂಡು ಬಂದ ಭಾಗವೂ, ಯಾವುದೋ ಶೆಡ್ಡಿನಲ್ಲಿ ಅಲ್ಯೂಮಿನಿಯಂ ತಗಡು ಬೆಸೆದು ಮಾಡಿದ ಭಾಗವೂ ಕಾನೂನಿನ ಕಣ್ಣಿಗೆ ಒಂದೇ ಆಗಿ ಕಾಣುತ್ತಿವೆ. ಕೊಳ್ಳುವವನಿಗೆ ನಿಜಕ್ಕೂ ಬೇಕಾಗಿದ್ದ ಮಾಹಿತಿ ಇಲ್ಲಿಯೇ ಕಳೆದುಹೋಗುತ್ತಿದೆ.

ನಳಿಕೆಯೊಳಗಿನ ಅಲೆ

ಮ್ಯಾನಿಫೋಲ್ಡ್ ಎಂಬುದು ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕವಲು ನಳಿಕೆ. ಥ್ರಾಟಲ್ ಮೂಲಕ ಬಂದ ಗಾಳಿ ಮೊದಲು ಪ್ಲೀನಮ್ ಎಂಬ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಒಂದೊಂದು ಸಿಲಿಂಡರಿಗೆ ಒಂದೊಂದು ಕವಲು. ಗ್ಯಾರೇಜಿನ ಭಾಷೆಯಲ್ಲಿ ರನ್ನರ್. ನೋಡಲು ಬರೀ ಕೊಳವೆಯಂತೆ ಕಂಡರೂ ಅದರ ಉದ್ದ ಮತ್ತು ಅಗಲ ಎಂಜಿನ್ನಿನ ಸ್ವಭಾವವನ್ನೇ ನಿರ್ಧರಿಸಬಲ್ಲವು.

ಕಾರಣ ಇಷ್ಟೆ. ಸಿಲಿಂಡರಿನ ಕವಾಟ ತೆರೆದು ಪಿಸ್ಟನ್ ಕೆಳಗಿಳಿಯುತ್ತಿದ್ದಂತೆ ನಳಿಕೆಯಲ್ಲಿ ಒತ್ತಡ ಕುಸಿದ ಅಲೆಯೊಂದು ಹುಟ್ಟಿ, ಶಬ್ದದ ವೇಗದಲ್ಲಿ ಪ್ಲೀನಮ್‌ನತ್ತ ಧಾವಿಸುತ್ತದೆ. ನಳಿಕೆಯ ತೆರೆದ ಬಾಯಿಗೆ ತಾಗಿದೊಡನೆ ಅದು ಒತ್ತಡ ಹೆಚ್ಚಿದ ಅಲೆಯಾಗಿ ಹಿಮ್ಮರಳುತ್ತದೆ. ಆ ಅಲೆ ಕವಾಟ ಮುಚ್ಚುವುದಕ್ಕೆ ತುಸು ಮುನ್ನ ಬಂದು ತಲುಪಿದರೆ ಒಂದಿಷ್ಟು ಹೆಚ್ಚುವರಿ ಗಾಳಿಯನ್ನು ಸಿಲಿಂಡರಿನೊಳಗೆ ತಳ್ಳುತ್ತದೆ. ಬೇಗ ಬಂದರೂ ತಡವಾಗಿ ಬಂದರೂ ಪ್ರಯೋಜನವಿಲ್ಲ.

ಇಲ್ಲಿ ಲೆಕ್ಕ ಸರಳ. ನಿಮಿಷಕ್ಕೆ 6,000 ಸುತ್ತು ತಿರುಗುವ ಎಂಜಿನ್ ಸೆಕೆಂಡಿಗೆ 100 ಸುತ್ತು ತಿರುಗುತ್ತದೆ. ಕವಾಟ ಒಂದು ಸುತ್ತಿನ ಮೂರನೇ ಎರಡು ಭಾಗದಷ್ಟು ಕಾಲ ತೆರೆದಿರುವುದೆಂದು ಭಾವಿಸಿದರೆ ಅಲೆಗೆ ಸಿಗುವ ಸಮಯ ಸೆಕೆಂಡಿನ ಸಾವಿರದಲ್ಲಿ ಸುಮಾರು 6.7 ಭಾಗ. ಅದೇ ಎಂಜಿನ್ 3,000 ಸುತ್ತಿನಲ್ಲಿದ್ದಾಗ ಈ ಸಮಯ ಇಮ್ಮಡಿಯಾಗುತ್ತದೆ. ಸೆಕೆಂಡಿಗೆ ಸುಮಾರು 350 ಮೀಟರ್ ಸಾಗುವ ಅಲೆ ಮೊದಲ ಸಂದರ್ಭದಲ್ಲಿ 2.3 ಮೀಟರ್, ಎರಡನೆಯದರಲ್ಲಿ 4.7 ಮೀಟರ್ ಕ್ರಮಿಸಬಲ್ಲದು. ಕಾರಿನೊಳಗೆ ಅಷ್ಟು ಉದ್ದದ ನಳಿಕೆಗೆ ಜಾಗವಿಲ್ಲವಾದ್ದರಿಂದ ಅಲೆಯನ್ನು ಹಲವು ಬಾರಿ ಹಿಂದಕ್ಕೂ ಮುಂದಕ್ಕೂ ಪುಟಿಸಿ ಕೆಲಸ ಸಾಧಿಸಲಾಗುತ್ತದೆ. ಆದರೆ ಸೂತ್ರ ಬದಲಾಗದು: ಉದ್ದನೆಯ ಕವಲು ಕಡಿಮೆ ಸುತ್ತಿನಲ್ಲಿ ನೆರವಾಗುತ್ತದೆ, ಮೋಟು ಕವಲು ಹೆಚ್ಚಿನ ಸುತ್ತಿನಲ್ಲಿ.

ಹೀಗಾಗಿ ಒಂದೇ ಉದ್ದದ ಕವಲುಗಳುಳ್ಳ ಯಾವ ಮ್ಯಾನಿಫೋಲ್ಡೂ ಎಲ್ಲ ವೇಗಗಳಲ್ಲೂ ಲಾಭ ಕೊಡಲಾರದು. ಅದು ಶಕ್ತಿಯನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುತ್ತದೆ, ಅಷ್ಟೆ. ಈ ಕಟ್ಟಳೆಯಿಂದ ಪಾರಾಗಲೆಂದೇ ಮಜ್ದಾ ಕಂಪನಿ 1991ರಲ್ಲಿ ಲೆ ಮಾನ್ಸ್ 24 ಗಂಟೆಗಳ ಪಂದ್ಯ ಗೆದ್ದ ತನ್ನ 787ಬಿ ಕಾರಿನಲ್ಲಿ ಓಡುತ್ತಿರುವಂತೆಯೇ ಉದ್ದ ಬದಲಿಸಿಕೊಳ್ಳುವ ನಳಿಕೆಗಳನ್ನು ಅಳವಡಿಸಿತ್ತು. ಬಿಎಂಡಬ್ಲ್ಯು 2001ರ ತನ್ನ 7 ಸರಣಿಯ ವಿ-8 ಎಂಜಿನ್ನಿನಲ್ಲಿ ಇದೇ ಬಗೆಯ ವ್ಯವಸ್ಥೆಯನ್ನು ರಸ್ತೆಯ ಕಾರಿಗೆ ತಂದಿತು. ಅಂಗಡಿಯಲ್ಲಿ ಸಿಗುವ ಆಫ್ಟರ್‌ಮಾರ್ಕೆಟ್ ಮ್ಯಾನಿಫೋಲ್ಡ್‌ಗಳಲ್ಲಿ ಬಹುಪಾಲಿಗೆ ಅಂತಹ ಜಾಣ್ಮೆ ಇರುವುದಿಲ್ಲ.

ಫೋರ್ಡ್ ಅಂಕಿ-ಅಂಶ ಹೇಳುವುದೇನು?

ಮಾರಾಟಗಾರರ ಮಾತನ್ನು ಬದಿಗಿಟ್ಟು ಕಾರ್ಖಾನೆಯೊಂದು ತಾನೇ ಪ್ರಕಟಿಸಿದ ಅಂಕಿಗಳನ್ನು ಗಮನಿಸುವುದು ಇಲ್ಲಿ ಉಪಯುಕ್ತ. ಫೋರ್ಡ್ ಕಂಪನಿಯ ಮುಸ್ತಾಂಗ್ ಜಿಟಿ ಕಾರಿನ 5 ಲೀಟರ್ ವಿ-8 ಎಂಜಿನ್ 2011ರಲ್ಲಿ 6,500 ಸುತ್ತಿನಲ್ಲಿ 412 ಅಶ್ವಶಕ್ತಿ ಹಾಗೂ 390 ಪೌಂಡ್-ಅಡಿ ಟಾರ್ಕ್ ನೀಡುತ್ತಿತ್ತು. ಮರುವರ್ಷ ಅದೇ ಕಂಪನಿ ಅದೇ ಎಂಜಿನ್ನನ್ನು ರೇಸ್‌ಪ್ರಿಯರಿಗೆಂದು ಬಾಸ್ 302 ಎಂಬ ಮಾದರಿಯಲ್ಲಿ ಮಾರುಕಟ್ಟೆಗೆ ತಂದಿತು. ಅದರ ಪ್ರಮುಖ ಬದಲಾವಣೆಗಳಲ್ಲೊಂದು ಮೋಟು ಕವಲುಗಳ ಹೊಸ ಇನ್‌ಟೇಕ್ ಮ್ಯಾನಿಫೋಲ್ಡ್. ಅಶ್ವಶಕ್ತಿ 444ಕ್ಕೆ ಏರಿತು. ಆದರೆ ಆ ಶಕ್ತಿ ದೊರೆತದ್ದು 7,400 ಸುತ್ತಿನ ಆಸುಪಾಸಿನಲ್ಲಿ. ಟಾರ್ಕ್ 390ರಿಂದ 380ಕ್ಕೆ ಇಳಿಯಿತು.

ಬಾಸ್ ಎಂಜಿನ್ನಿನ ಸಿಲಿಂಡರ್ ಹೆಡ್ ಮತ್ತು ಕ್ಯಾಮ್ ಸಹ ಬದಲಾಗಿದ್ದವು ಎಂಬುದನ್ನು ಮರೆಯುವಂತಿಲ್ಲ. 32 ಅಶ್ವಶಕ್ತಿಯ ಪೂರ್ಣ ಶ್ರೇಯ ಮ್ಯಾನಿಫೋಲ್ಡ್ ಒಂದಕ್ಕೇ ಸಲ್ಲದು. ಆದರೆ ಅಪಾರ ಸಂಪನ್ಮೂಲ, ಸ್ವಂತ ಪ್ರಯೋಗಾಲಯ ಮತ್ತು ನೂರಾರು ಎಂಜಿನಿಯರುಗಳನ್ನು ಹೊಂದಿದ ಕಂಪನಿಗೇ ಮೇಲಿನ ಸುತ್ತಿನ ಲಾಭಕ್ಕಾಗಿ ಕೆಳಗಿನ ಟಾರ್ಕನ್ನು ಬಿಟ್ಟುಕೊಡಬೇಕಾಗಿ ಬಂದಿತೆಂದಾದರೆ, ‘ಎಲ್ಲ ಸುತ್ತುಗಳಲ್ಲೂ ಪವರ್ ಜಾಸ್ತಿ’ ಎಂದು ಮಾರಾಟವಾಗುವ ಮ್ಯಾನಿಫೋಲ್ಡ್ ಬಗ್ಗೆ ಏನು ತಿಳಿಯಬೇಕೆಂಬುದನ್ನು ಓದುಗರೇ ಊಹಿಸಬಹುದು. ಫೋರ್ಡ್ ಈ ಬಾಸ್ ಮ್ಯಾನಿಫೋಲ್ಡನ್ನು ಪ್ರತ್ಯೇಕ ಬಿಡಿಭಾಗವಾಗಿಯೂ ಮಾರಿತು. ಸಾಮಾನ್ಯ ಜಿಟಿ ಕಾರಿಗೆ ಅದನ್ನು ಹಾಕಿಸಿದವರಿಗೂ ಎದುರಾದದ್ದು ಇದೇ ವಿನಿಮಯ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಕಾರು 7,000 ಸುತ್ತು ಕಾಣುವ ಪ್ರಸಂಗ ಎಷ್ಟು ಬಾರಿ ಬಂದೀತು? ನಗರದ ಸಂಚಾರದಲ್ಲಿ ಎಂಜಿನ್ನಿನ ಆಯುಷ್ಯದ ಬಹುಭಾಗ 1,500ರಿಂದ 3,000 ಸುತ್ತಿನ ನಡುವೆಯೇ ಸವೆಯುತ್ತದೆ. ಮೋಟು ಕವಲಿನ ಮ್ಯಾನಿಫೋಲ್ಡ್ ಕಿತ್ತುಕೊಳ್ಳುವುದು ನಿಖರವಾಗಿ ಆ ಭಾಗವನ್ನೇ. ಹಣ ತೆತ್ತು ಕಾರನ್ನು ಮಂದಗೊಳಿಸಿಕೊಂಡು, ಸದ್ದು ತುಸು ಗಡುಸಾದುದನ್ನೇ ವೇಗವೆಂದು ನಂಬಿ ಸಂಭ್ರಮಿಸುವವರ ಸಂಖ್ಯೆ ಕಡಿಮೆಯೇನಲ್ಲ.

ಡೈನೊ ಚೀಟಿ ಮತ್ತು ಊರಿನ ಎತ್ತರ

ಎಂಜಿನ್ನಿನ ಶಕ್ತಿ ಅಳೆಯುವ ಡೈನೊ ಯಂತ್ರದ ಮುದ್ರಿತ ಚೀಟಿಯೇ ಈ ವ್ಯಾಪಾರದಲ್ಲಿ ಪರಮ ಪ್ರಮಾಣ. ಅದನ್ನು ಓದುವ ಮುನ್ನ ಒಂದು ಭೌಗೋಳಿಕ ಸತ್ಯವನ್ನು ನೆನಪಿಡಬೇಕಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಶೇ 8ರಿಂದ 9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಮಂಗಳೂರಿನಲ್ಲಿ 100 ಅಶ್ವಶಕ್ತಿ ನೀಡಿದರೆ ಬೆಂಗಳೂರಿನಲ್ಲಿ 91ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮ್ಯಾನಿಫೋಲ್ಡ್ ಮಾರುವವರು ಆಶ್ವಾಸನೆ ನೀಡುವ ಲಾಭಕ್ಕಿಂತ ಒಮ್ಮೊಮ್ಮೆ ಈ ಎರಡು ಊರುಗಳ ವ್ಯತ್ಯಾಸವೇ ದೊಡ್ಡದು. ಇದಲ್ಲದೆ ಗಾಳಿಯ ಉಷ್ಣತೆ 10 ಡಿಗ್ರಿ ಏರಿದರೆ ಸಾಂದ್ರತೆ ಇನ್ನೂ ಶೇ 3ರಷ್ಟು ಕುಸಿಯುತ್ತದೆ.

ಇದನ್ನು ಸರಿದೂಗಿಸಲು ಡೈನೊ ಯಂತ್ರಗಳಲ್ಲಿ ತಿದ್ದುಪಡಿ ಗುಣಾಂಕ ಬಳಸುವ ಪದ್ಧತಿಯಿದೆ. ಗುಣಾಂಕವನ್ನು ಯಾವ ಮಾನದಂಡದಂತೆ ಹಾಕಲಾಗಿದೆ ಎಂಬುದು ಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ, ಅಥವಾ ಇರುವುದೇ ಇಲ್ಲ. ಹಳೆಯ ಮ್ಯಾನಿಫೋಲ್ಡನ್ನು ಬೇಸಿಗೆಯ ಮಧ್ಯಾಹ್ನ ಅಳೆದು, ಹೊಸದನ್ನು ಮಳೆ ಬಂದು ತಣಿದ ಬೆಳಿಗ್ಗೆ ಅಳೆದರೆ ಯಾವ ಬದಲಾವಣೆಯನ್ನೂ ಮಾಡದೆಯೇ ಶಕ್ತಿ ಹೆಚ್ಚಿಸಿ ತೋರಿಸಬಹುದು. ಒಂದೇ ದಿನ, ಒಂದೇ ಯಂತ್ರ, ಒಂದೇ ಕಾರು, ಮೊದಲೂ ನಂತರವೂ: ಈ ನಾಲ್ಕು ಷರತ್ತು ಪೂರೈಸದ ಚೀಟಿಗೆ ಜಾಹೀರಾತಿಗಿಂತ ಹೆಚ್ಚಿನ ಬೆಲೆ ಕೊಡಬೇಕಿಲ್ಲ. ಅದರಲ್ಲಿಯೂ ನೋಡಬೇಕಾದ್ದು ಗೆರೆಯ ತುತ್ತತುದಿಯನ್ನಲ್ಲ. 2,000ದಿಂದ 4,000 ಸುತ್ತಿನ ನಡುವೆ ಗೆರೆ ಎಷ್ಟು ಕುಸಿದಿದೆ ಎಂಬುದನ್ನು.

ಉಷ್ಣತೆಯ ವಿಚಾರಕ್ಕೆ ಇನ್ನೂ ಒಂದು ಮುಖವಿದೆ. ಈಚಿನ ದಶಕಗಳ ಬಹುತೇಕ ಕಾರುಗಳ ಮೂಲ ಮ್ಯಾನಿಫೋಲ್ಡ್ ಗಾಜಿನೆಳೆ ಬೆರೆಸಿದ ನೈಲಾನಿನದು. ‘ಪ್ಲಾಸ್ಟಿಕ್’ ಎಂದು ಮೂಗು ಮುರಿಯುವವರುಂಟು. ವಾಸ್ತವದಲ್ಲಿ ಅದರ ಒಳಮೈ ನುಣುಪು, ಎಂಜಿನ್ನಿನ ಬಿಸಿಯನ್ನು ಅದು ಸುಲಭವಾಗಿ ಒಳಗಿನ ಗಾಳಿಗೆ ದಾಟಿಸುವುದಿಲ್ಲ, ತೂಕವೂ ಕಡಿಮೆ. ಹೊಳಪಿನ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಸಿಗ್ನಲ್ಲಿನಲ್ಲಿ ನಾಲ್ಕು ನಿಮಿಷ ನಿಂತ ಕಾರಿನಲ್ಲಿ ಕಾದು, ಒಳಗೆ ಬರುವ ಗಾಳಿಯನ್ನೂ ಕಾಯಿಸುತ್ತದೆ. ಬಾನೆಟ್ ಎತ್ತಿ ಸ್ನೇಹಿತರಿಗೆ ತೋರಿಸಲು ಅದು ಚೆನ್ನ ಎಂಬುದರಲ್ಲಿ ಎರಡು ಮಾತಿಲ್ಲ.

ಬ್ರೇಕಿಗೂ ಇಲ್ಲಿಂದಲೇ ನಂಟು

ಶಕ್ತಿಯ ಚರ್ಚೆಯಲ್ಲಿ ಬಹುತೇಕರು ಮರೆಯುವ ಸಂಗತಿಯೊಂದಿದೆ. ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಪೆಡಲನ್ನು ಹಗುರಗೊಳಿಸುವ ಬೂಸ್ಟರ್ ಕೆಲಸ ಮಾಡುವುದು ಮ್ಯಾನಿಫೋಲ್ಡಿನೊಳಗಿನ ನಿರ್ವಾತದಿಂದ. ಅಲ್ಲಿಗೆ ಹೋಗುವ ರಬ್ಬರ್ ಕೊಳವೆಗೆ ಹೊಸ ಮ್ಯಾನಿಫೋಲ್ಡಿನಲ್ಲಿ ಸರಿಯಾದ ಮೂತಿ ಇರಬೇಕು. ಅದಲ್ಲದೆ ಒತ್ತಡ ಅಳೆಯುವ ಸಂವೇದಕ, ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಎಳೆದುಕೊಳ್ಳುವ ಕವಾಟ, ಎಂಜಿನ್ನಿನ ಅಡಿಯ ಹೊಗೆಯನ್ನು ಮರಳಿಸುವ ಕೊಳವೆ ಇವೆಲ್ಲಕ್ಕೂ ಅದರಲ್ಲಿ ಸ್ಥಾನವಿರಬೇಕು. ರೇಸಿಗೆಂದೇ ಮಾಡಿದ ಮ್ಯಾನಿಫೋಲ್ಡ್‌ಗಳಲ್ಲಿ ಇವುಗಳಲ್ಲಿ ಕೆಲವು ಇಲ್ಲದಿರುವುದುಂಟು. ರೇಸ್ ಕಾರಿಗೆ ಅವು ಬೇಕಾಗಿಲ್ಲ. ರಸ್ತೆಯ ಕಾರಿಗೆ ಅದನ್ನು ಕೂರಿಸಿ, ಉಳಿದ ಕೊಳವೆಗಳ ಬಾಯಿಗೆ ಬೋಲ್ಟ್ ತುರುಕಿ ಕಳುಹಿಸಿದರೆ ಪೆಟ್ರೋಲ್ ಆವಿ ಗಾಳಿಗೆ ಸೇರುತ್ತದೆ. ಬ್ರೇಕಿನ ನಿರ್ವಾತ ದುರ್ಬಲವಾದರೆ ಇಳಿಜಾರಿನಲ್ಲಿ ಕಾರು ನಿಲ್ಲಿಸಲು ಕಾಲಿನ ಬಲವೊಂದೇ ಆಸರೆ.

ಬೆಸೆದು ಮಾಡಿದ ಮ್ಯಾನಿಫೋಲ್ಡಿನ ಇನ್ನೊಂದು ದೋಷ ಸಿಲಿಂಡರ್ ಹೆಡ್ಡಿಗೆ ತಾಗುವ ಚಪ್ಪಟೆ ಮೈ ಬೆಸುಗೆಯ ಬಿಸಿಗೆ ಸೊಟ್ಟಗಾಗುವುದು. ಕೂದಲೆಳೆಯ ಸಂದು ಬಿಟ್ಟರೂ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ನುಸುಳುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಆ ಸಿಲಿಂಡರ್ ಮಿತಿಮೀರಿ ಕಾಯುತ್ತದೆ. ಅಂಗಡಿಯ ಕಟ್ಟೆಯ ಮೇಲೆಯೇ ಉಕ್ಕಿನ ನೇರ ಅಳತೆಪಟ್ಟಿಯನ್ನು ಆ ಮೈಯ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿದರೆ ಇದು ತಿಳಿಯುತ್ತದೆ. ಇಷ್ಟು ಮಾಡುವುದಕ್ಕೆ ಯಾವ ಡೈನೊವೂ ಬೇಕಿಲ್ಲ.

ಹೆಡ್, ಕ್ಯಾಮ್, ಥ್ರಾಟಲ್ ಎಲ್ಲವನ್ನೂ ಮೊದಲಿನಂತೆಯೇ ಉಳಿಸಿಕೊಂಡು, ಎಂಜಿನ್ನಿನ ಗಣಕವನ್ನೂ ಹೊಸದಾಗಿ ಹೊಂದಿಸದೆ ಮ್ಯಾನಿಫೋಲ್ಡನ್ನು ಮಾತ್ರ ಬದಲಿಸಿದರೆ ಪ್ರಯೋಜನ ಅತ್ಯಲ್ಪ. ಟರ್ಬೊ ಕಾರುಗಳಲ್ಲಂತೂ ಈ ಆಯ್ಕೆಯೇ ಬಹುಮಟ್ಟಿಗೆ ಅಪ್ರಸ್ತುತವಾಗಿದೆ. ಫೋಕ್ಸ್‌ವ್ಯಾಗನ್ ಸಮೂಹದ ಇಎ211 ಸರಣಿಯ ಟಿಎಸ್‌ಐ ಎಂಜಿನ್‌ಗಳಲ್ಲಿ ಗಾಳಿ ತಣಿಸುವ ಇಂಟರ್‌ಕೂಲರ್ ಮ್ಯಾನಿಫೋಲ್ಡಿನೊಳಗೇ ಅಡಕವಾಗಿದೆ. ಒಂದನ್ನು ಕಿತ್ತರೆ ಇನ್ನೊಂದೂ ಹೋಗುತ್ತದೆ. ಹಾಗಾಗಿ ಆ ಕಾರುಗಳ ಮಾಲೀಕರು ಗಣಕದ ರೀಮ್ಯಾಪ್‌ನತ್ತ ಹೊರಳಿದ್ದಾರೆ. ಅದು ಕಣ್ಣಿಗೂ ಕಾಣದು, ಕೈಗೂ ಸಿಗದು. ಕಾನೂನಿನ ತೊಡಕು ಮಾತ್ರ ಮ್ಯಾನಿಫೋಲ್ಡಿನದ್ದೇ.

ಕಾನೂನು ಎಲ್ಲಿ ನಿಂತಿದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದೆಂದು ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಅಲ್ಲಿನ ಹೈಕೋರ್ಟ್ ನೀಡಿದ್ದ ಉದಾರ ವ್ಯಾಖ್ಯಾನವನ್ನು ತಳ್ಳಿಹಾಕಿದ ಸುಪ್ರೀಂ ಕೋರ್ಟ್, 2019ರ ಜನವರಿ 9ರಂದು ನ್ಯಾಯಮೂರ್ತಿ ಅರುಣ್ ಮಿಶ್ರಾ ಮತ್ತು ನ್ಯಾಯಮೂರ್ತಿ ವಿನೀತ್ ಸರನ್ ಅವರ ಪೀಠದ ಮೂಲಕ ಈ ನಿರ್ಬಂಧವನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ 182ಎ ಎಂಬ ಹೊಸ ಕಲಮನ್ನು ಸೇರಿಸಿ, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಜೋಡಿಸಿ ವಾಹನ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು.

ಮ್ಯಾನಿಫೋಲ್ಡ್ ಎಂಬ ಪದ ನೋಂದಣಿ ಪತ್ರದಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ಅದನ್ನು ಬದಲಿಸಿದರೆ 52ನೇ ಕಲಮಿನ ಉಲ್ಲಂಘನೆಯಾಗದು ಎಂಬ ವಾದವನ್ನು ಉತ್ಸಾಹಿಗಳು ಮಂಡಿಸುವುದುಂಟು. ವಾದ ಜಾಣತನದ್ದು, ಆದರೆ ಗಟ್ಟಿಯಾದುದಲ್ಲ. ನೋಂದಣಿ ಅರ್ಜಿಯ ನಮೂನೆಯಲ್ಲಿ ಅಶ್ವಶಕ್ತಿಗೂ ಒಂದು ಅಂಕಣವಿದೆ. ಮ್ಯಾನಿಫೋಲ್ಡ್ ಬದಲಿಸುವ ಏಕೈಕ ಉದ್ದೇಶ ಆ ಅಂಕಿಯನ್ನು ಬದಲಿಸುವುದೇ ಆಗಿದೆ. ಮಿಗಿಲಾಗಿ ವಾಹನದ ಹೊಗೆ ಪ್ರಮಾಣಕ್ಕೆ ನೀಡಿದ ಅನುಮೋದನೆ ಕಾರ್ಖಾನೆಯ ಬಿಡಿಭಾಗಗಳ ಜೋಡಣೆಗೆ ನೀಡಿದ್ದು. 2020ರ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್-6 ಕಾರುಗಳಲ್ಲಿ ಗಣಕವೇ ಹೊಗೆ ನಿಯಂತ್ರಣದ ಮೇಲೆ ನಿಗಾ ಇಡುತ್ತದೆ. ಪರಕೀಯ ಮ್ಯಾನಿಫೋಲ್ಡ್ ಕಂಡೊಡನೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯಲೂಬಹುದು.

ಇಲ್ಲಿ ವಿಪರ್ಯಾಸವೊಂದನ್ನು ಗಮನಿಸಬೇಕು. ಆರು ತಿಂಗಳಿಗೋ ವರ್ಷಕ್ಕೋ ಮಾಡಿಸುವ ಮಾಲಿನ್ಯ ತಪಾಸಣೆಯಲ್ಲಿ ಕಾರು ನಿಂತಲ್ಲಿಯೇ, ಯಾವ ಭಾರವನ್ನೂ ಎಳೆಯದೆ, ನಿಧಾನ ಸುತ್ತಿನಲ್ಲಿ ಹಾಗೂ ಸ್ವಲ್ಪ ಏರಿಸಿದ ಸುತ್ತಿನಲ್ಲಿ ಹೊಗೆ ಉಗುಳುತ್ತದೆ. ಮ್ಯಾನಿಫೋಲ್ಡಿನ ಪ್ರಭಾವ ಪ್ರಕಟವಾಗುವುದು ಪೂರ್ಣ ಥ್ರಾಟಲಿನಲ್ಲಿ. ಸಿಕ್ಕಿಬೀಳಬೇಕಾದದ್ದು ಸಿಕ್ಕಿಬೀಳದ ತಪಾಸಣೆ ಇದು. ಸಭ್ಯವಾಗಿ ಹೊಂದಿಸಿದ ಮಾರ್ಪಾಡೂ, ಅಡ್ಡಾದಿಡ್ಡಿ ಮಾರ್ಪಾಡೂ ಅದೇ ಚೀಟಿ ಪಡೆದು ಹೊರಬರುತ್ತವೆ.

ಮಾರಾಟಗಾರನ ಪರಿಸ್ಥಿತಿ ಇನ್ನೂ ಸುಗಮ. ನಿರ್ಣಾಯಕ ಸುರಕ್ಷತಾ ಭಾಗವೆಂದು ಅಧಿಸೂಚಿತವಾದ ಬಿಡಿಭಾಗವನ್ನು ನಿಯಮ ಮೀರಿ ಮಾರಿದರೆ 182ಎ ಕಲಮಿನಲ್ಲಿ 1 ಲಕ್ಷ ರೂಪಾಯಿ ದಂಡ ಅಥವಾ ವರ್ಷದವರೆಗಿನ ಸೆರೆ ಸೂಚಿಸಲಾಯಿತು. ಶಕ್ತಿ ಹೆಚ್ಚಿಸುವ ಮ್ಯಾನಿಫೋಲ್ಡನ್ನು ಆ ದೃಷ್ಟಿಯಿಂದ ಯಾರೂ ನೋಡುವುದಿಲ್ಲ. ಅದು ಬಹಿರಂಗವಾಗಿ ಮಾರಾಟವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಅನ್ವಯವಾದ ಶೇ 18ರ ಜಿಎಸ್‌ಟಿ ಅದರ ಮೇಲೂ ಬೀಳುತ್ತದೆ. ಮಾರುವವನಿಂದ ತೆರಿಗೆ, ಹಾಕಿಸಿಕೊಂಡವನಿಂದ ದಂಡ: ಖಜಾನೆಗೆ ಎರಡೂ ಕಡೆಯಿಂದ ಲಾಭವೇ.

ನಷ್ಟಕ್ಕೊಳಗಾಗುವವನು ಮಾಲೀಕ. ಎಂಜಿನ್ನಿಗೆ ಹಾನಿಯಾದರೆ ತಯಾರಕರ ವಾರಂಟಿ ಕೈಬಿಡಬಹುದು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದಲ್ಲಿ ಸ್ವಂತ ವಾಹನದ ಹಾನಿಯ ಕ್ಲೇಮು ವಿವಾದಕ್ಕೆ ಸಿಲುಕಬಹುದು. ತಿಳಿಸಿದರೆ ಕಾನೂನುಬಾಹಿರ ಎಂಬ ಉತ್ತರ ಬರಬಹುದು. ಎರಡರ ನಡುವೆ ಅವನು ಸುಮ್ಮನಿರುವುದನ್ನು ಆರಿಸಿಕೊಂಡರೆ ಆಶ್ಚರ್ಯವಿಲ್ಲ.

ಕ್ಯಾಲಿಫೋರ್ನಿಯದ ಚೀಟಿ

ಎಲ್ಲ ಕಡೆಯೂ ಹೀಗೆಯೇ ಇದೆಯೇ ಎಂದರೆ, ಇಲ್ಲ. ವಾಯುಮಾಲಿನ್ಯದ ವಿಚಾರದಲ್ಲಿ ಅಮೆರಿಕದಲ್ಲಿಯೇ ಅತ್ಯಂತ ಕಠಿಣವೆನಿಸಿದ ಕ್ಯಾಲಿಫೋರ್ನಿಯ ರಾಜ್ಯದ ಉದಾಹರಣೆ ಇಲ್ಲಿ ಬೋಧಪ್ರದ. ಅಲ್ಲಿನ ವಾಹನ ಸಂಹಿತೆಯ 27156ನೇ ಕಲಮು ಹೊಗೆ ನಿಯಂತ್ರಣಕ್ಕೆ ಧಕ್ಕೆ ತರುವ ಬಿಡಿಭಾಗವನ್ನು ಹಾಕುವುದನ್ನಷ್ಟೇ ಅಲ್ಲ, ಮಾರುವುದನ್ನೂ ನಿಷೇಧಿಸುತ್ತದೆ. ಆದರೆ ಅದರೊಂದಿಗೇ ಒಂದು ದಾರಿಯನ್ನೂ ತೆರೆದಿಟ್ಟಿದೆ. ತಯಾರಕನು ತನ್ನ ಬಿಡಿಭಾಗವನ್ನು ಪರೀಕ್ಷೆಗೊಳಪಡಿಸಿ, ಅದರಿಂದ ಹೊಗೆ ಮಿತಿ ಮೀರುವುದಿಲ್ಲವೆಂದು ರಾಜ್ಯದ ವಾಯು ಸಂಪನ್ಮೂಲ ಮಂಡಳಿಗೆ ಮನವರಿಕೆ ಮಾಡಿಕೊಟ್ಟರೆ ಮಂಡಳಿಯು ಆದೇಶ ಸಂಖ್ಯೆಯೊಂದನ್ನು ನೀಡುತ್ತದೆ. ಯಾವ ಕಾರು, ಯಾವ ವರ್ಷದ ಮಾದರಿ, ಯಾವ ಎಂಜಿನ್ ಎಂಬುದೂ ಅದರಲ್ಲಿ ನಮೂದಾಗಿರುತ್ತದೆ. ಆ ಸಂಖ್ಯೆಯ ಚೀಟಿಯನ್ನು ಬಾನೆಟ್ಟಿನ ಕೆಳಗೆ ಅಂಟಿಸಬೇಕು. ಬಹುತೇಕ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ನಡೆಯುವ ಹೊಗೆ ತಪಾಸಣೆಯಲ್ಲಿ ತಂತ್ರಜ್ಞ ಹೊಗೆಯನ್ನಷ್ಟೇ ನೋಡುವುದಿಲ್ಲ, ಬಾನೆಟ್ ಎತ್ತಿ ಚೀಟಿಯನ್ನೂ ನೋಡುತ್ತಾನೆ. ಚೀಟಿಯಿಲ್ಲದ ಮಾರ್ಪಾಡು ಕಂಡರೆ ಹೊಗೆ ಶುದ್ಧವಾಗಿದ್ದರೂ ಕಾರು ಅನುತ್ತೀರ್ಣ.

ಜರ್ಮನಿಯಲ್ಲಿಯೂ ಬಿಡಿಭಾಗದೊಂದಿಗೆ ಪರೀಕ್ಷಾ ಪ್ರಮಾಣಪತ್ರ ಬರುವ, ಅಗತ್ಯವಿದ್ದಲ್ಲಿ ತಜ್ಞರ ತಪಾಸಣೆಯ ನಂತರ ಅದನ್ನು ವಾಹನದ ದಾಖಲೆಯಲ್ಲಿ ಸೇರಿಸುವ ಪದ್ಧತಿಯಿದೆ.

ಈ ಪದ್ಧತಿಯಲ್ಲಿ ಆಯ್ಕೆ ಕಿರಿದಾಗುತ್ತದೆ, ದರವೂ ಏರುತ್ತದೆ; ಸಣ್ಣ ತಯಾರಕರಿಗೆ ಪರೀಕ್ಷೆಯ ವೆಚ್ಚ ಹೊರೆಯೆಂಬ ದೂರು ಅಲ್ಲಿಯೂ ಇದೆ. ಆದರೂ ಕೊಳ್ಳುವವನಿಗೆ ತಾನು ಯಾವ ಕಡೆ ನಿಂತಿದ್ದೇನೆಂಬುದು ಹಣ ಕೊಡುವ ಮುನ್ನವೇ ಗೊತ್ತಿರುತ್ತದೆ.

ಭಾರತಕ್ಕೆ ಇದು ಅಸಾಧ್ಯವಾದ ಕೆಲಸವೇ? ಸಿಎನ್‌ಜಿ ಮತ್ತು ಎಲ್‌ಪಿಜಿ ಕಿಟ್‌ಗಳಿಗೆ ಇಲ್ಲಿ ಈಗಾಗಲೇ ಇಂತಹ ದಾರಿಯಿದೆ. ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್ ಮೊದಲಾದ ಸಂಸ್ಥೆಗಳಲ್ಲಿ ಪರೀಕ್ಷೆಗೊಂಡ ಕಿಟ್ ಹಾಕಿಸಿ ಸಾರಿಗೆ ಕಚೇರಿಯಲ್ಲಿ ನೋಂದಣಿ ಪತ್ರ ತಿದ್ದಿಸಿಕೊಳ್ಳಬಹುದು. ಪೆಟ್ರೋಲ್ ಕಾರನ್ನು ವಿದ್ಯುತ್ ಕಾರಾಗಿ ಪರಿವರ್ತಿಸಲೂ ನಿಯಮಗಳಿವೆ. ಎಂಜಿನ್ನನ್ನೇ ಕಿತ್ತು ಮೋಟಾರು ಕೂರಿಸಲು ಮಾರ್ಗವಿರುವ ದೇಶದಲ್ಲಿ ಎಂಜಿನ್ನಿಗೆ ಗಾಳಿ ಸಾಗಿಸುವ ನಳಿಕೆಯೊಂದನ್ನು ಬದಲಿಸಲು ಮಾರ್ಗವಿಲ್ಲ! ಹೆಚ್ಚು ಸೋಜಿಗದ ಸಂಗತಿಯೆಂದರೆ 2019ರ ಅದೇ ತಿದ್ದುಪಡಿ 52ನೇ ಕಲಮಿಗೆ ಒಂದು ಪರಂತುಕವನ್ನೂ ಸೇರಿಸಿದೆ. ವಾಹನ ಮಾರ್ಪಾಡಿಗೆ ನಿರ್ದಿಷ್ಟತೆ, ಅನುಮೋದನೆಯ ಷರತ್ತು ಇತ್ಯಾದಿಗಳನ್ನು ಕೇಂದ್ರ ಸರ್ಕಾರ ನಿಯಮದ ಮೂಲಕ ಗೊತ್ತುಪಡಿಸಬಹುದೆಂದೂ, ಅಂತಹ ಸಂದರ್ಭದಲ್ಲಿ ತಯಾರಕರ ವಾರಂಟಿ ರದ್ದಾಯಿತೆಂದು ಪರಿಗಣಿಸಕೂಡದೆಂದೂ ಅದು ಹೇಳುತ್ತದೆ. ದಂಡದ ಕಲಮು ಎಲ್ಲರ ಬಾಯಲ್ಲಿದೆ. ಪರಂತುಕದ ಬಗ್ಗೆ ಮಾತನಾಡುವವರು ವಿರಳ. ಶಕ್ತಿವರ್ಧಕ ಬಿಡಿಭಾಗಗಳಿಗೆ ಅದನ್ನು ಬಳಸಿ ದಾರಿ ರೂಪಿಸುವ ಕೆಲಸ ನಡೆದಿಲ್ಲ.

ಅಂಗಳವಿದ್ದರೂ ದೂರ

ಮಾರ್ಪಾಡು ಮಾಡಿದವರು ರೇಸ್ ಟ್ರ್ಯಾಕಿಗೆ ಹೋಗಲಿ ಎಂಬ ಸಲಹೆ ಸರ್ವೇಸಾಮಾನ್ಯ. ಸಲಹೆ ಸರಿಯಾದುದೇ. ರಾಜ್ಯದಲ್ಲಿ ಕೆ-1000ನಂತಹ ರ‍್ಯಾಲಿ ಪರಂಪರೆ ಇದೆ, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುಹಾದಿಯ ರ‍್ಯಾಲಿಗಳು ದೇಶದಲ್ಲಿ ಹೆಸರು ಮಾಡಿವೆ. ಆದರೆ ಟ್ರ್ಯಾಕ್ ಎಂದರೆ ಬೆಂಗಳೂರಿಗರು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಬೇಕು. ಅಲ್ಲಿಗೆ ಕಾರನ್ನು ಲಾರಿಯ ಮೇಲೆ ಸಾಗಿಸುವಷ್ಟು ಅನುಕೂಲ ಎಲ್ಲರಿಗೂ ಇರದು; ಓಡಿಸಿಕೊಂಡೇ ಹೋದರೆ ಹೆದ್ದಾರಿಯೂ ಸಾರ್ವಜನಿಕ ರಸ್ತೆಯೇ.

ಸ್ಪರ್ಧೆಯ ಅಂಗಳದಲ್ಲಿಯೂ ಮನಬಂದಂತೆ ಮಾರ್ಪಡಿಸಲು ಬಿಡುವುದಿಲ್ಲ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಅಂತರರಾಷ್ಟ್ರೀಯ ನಿಯಮಾವಳಿಯ ಗ್ರೂಪ್ ಎನ್ ವರ್ಗದಲ್ಲಿ ಕಾರ್ಖಾನೆಯ ಮ್ಯಾನಿಫೋಲ್ಡನ್ನೇ ಉಳಿಸಿಕೊಳ್ಳಬೇಕಿತ್ತು. ಯಾವ ವರ್ಗದಲ್ಲಿ ಯಾವ ಭಾಗ ಬದಲಿಸಬಹುದು ಎಂಬುದು ಅಕ್ಷರಶಃ ಬರೆದಿರುತ್ತದೆ, ಪಂದ್ಯಕ್ಕೆ ಮುನ್ನ ಪರಿವೀಕ್ಷಕರು ಬಿಚ್ಚಿಯೇ ನೋಡುತ್ತಾರೆ. ಆದ್ದರಿಂದ ಸ್ಪರ್ಧೆಯ ಗುರಿಯುಳ್ಳವರು ಅಂಗಡಿಗೆ ಹೋಗುವ ಮುನ್ನ ತಮ್ಮ ವರ್ಗದ ನಿಯಮ ಓದಿಕೊಳ್ಳುವುದು ಲೇಸು. ಮ್ಯಾನಿಫೋಲ್ಡ್ ಕೊಂಡ ಮೇಲೆ ಓದಿ ಪಶ್ಚಾತ್ತಾಪ ಪಟ್ಟವರು ಈ ವಲಯದಲ್ಲಿ ಹೊಸಬರಲ್ಲ.

ಯಾವುದನ್ನೇ ಆರಿಸಲಿ, ಕಾರ್ಖಾನೆಯ ಮೂಲ ಮ್ಯಾನಿಫೋಲ್ಡನ್ನು ಗುಜರಿಗೆ ಹಾಕದಿರುವುದು ಮುಖ್ಯ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆ ಬಳಿಕ ಪ್ರತಿ ಐದು ವರ್ಷಕ್ಕೊಮ್ಮೆ ವಾಹನವನ್ನು ತಪಾಸಣೆಗೆ ಒಡ್ಡಿ ನವೀಕರಿಸಬೇಕಾಗುತ್ತದೆ. 2000ದಲ್ಲಿ ನೋಂದಣಿಯಾದ ಹೋಂಡಾ ಸಿಟಿ ವಿಟೆಕ್ ಒಂದಕ್ಕೆ 2015ರಲ್ಲಿ, 2020ರಲ್ಲಿ, 2025ರಲ್ಲಿ ಈ ಸರದಿ ಬಂದಿರುತ್ತದೆ. ಸಾರಿಗೆ ಕಚೇರಿಯ ತಪಾಸಕರು ಚಾಸಿ ಸಂಖ್ಯೆ, ದೀಪ, ಬ್ರೇಕು, ಮಾಲಿನ್ಯ ಪತ್ರ ನೋಡುತ್ತಾರೆ. ಬಾನೆಟ್ಟಿನ ಕೆಳಗಿರುವ ನಳಿಕೆ ಕಾರ್ಖಾನೆಯದೋ ಹೊರಗಿನದೋ ಎಂದು ಹೋಲಿಸಿ ನೋಡಲು ಅವರ ಬಳಿ ಯಾವ ಪಟ್ಟಿಯೂ ಇಲ್ಲ. ತಪಾಸಣೆಯ ಹಿಂದಿನ ದಿನ ಅಟ್ಟದಿಂದ ಮೂಲ ಮ್ಯಾನಿಫೋಲ್ಡ್ ಇಳಿಸಿ ಕೂರಿಸಿ, ಮರುದಿನ ಸಂಜೆ ಅದನ್ನು ಮತ್ತೆ ಅಟ್ಟಕ್ಕೇರಿಸುವವರೂ ಇದ್ದಾರೆ. ಸಾಮಾನ್ಯ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಅದು ಅರ್ಧ ದಿನದ ಕೆಲಸ, ಜೊತೆಗೆ ಪ್ರತಿ ಬಾರಿಯೂ ಹೊಸದೊಂದು ಗ್ಯಾಸ್ಕೆಟ್.